ಲಾಕಿಯ ಹಿಮ್ಮಡಿ

ಕೇಪ್ ಬ್ರೆಟನ್ ದ್ವೀಪದ ಲಾಕಿ ಪಿಟೀಲು ಹಿಡಿದರೆ ಕೈಗಿಂತ ಕಾಲೇ ಜೋರು. ಕಲ್ಲಿದ್ದಲು ಗಣಿಯಿಂದ ಬಂದವನು ಮುಖವನ್ನೂ ನೆಟ್ಟಗೆ ತೊಳೆಯದೆ ಅಡುಗೆಮನೆಯ ಕುರ್ಚಿಯಲ್ಲಿ ಕೂತು ಎರಡೂ ಹಿಮ್ಮಡಿಗಳಿಂದ ತಾಳ ಕುಟ್ಟಿದನೆಂದರೆ ಕಪಾಟಿನ ಬಟ್ಟಲುಗಳೂ ಕುಣಿಯುತ್ತಿದ್ದವು. ಐದು ಮಕ್ಕಳನ್ನು ಮಲಗಿಸುವುದು, ಎಬ್ಬಿಸುವುದು, ಅವರ ಜಗಳ ಬಿಡಿಸುವುದು ಎಲ್ಲ ಪಿಟೀಲಿನಿಂದಲೇ. ನೆಂಟರು ಹೊರಡಲು ಎದ್ದರೆ "ಕೂತ್ಕೊಳ್ಳಿ, ಇದೊಂದೇ" ಎನ್ನುತ್ತಿದ್ದ. ಆ ಒಂದು ಎಂದೂ ಒಂದಕ್ಕೆ ನಿಂತದ್ದಿಲ್ಲ. "ಸಾಕು ಮಾಡು ಮಾರಾಯಾ, ನೆಲ ತೂತಾಗತ್ತೆ!" ಎಂದು ಹೆಂಡತಿ ಎಫಿ ಒಲೆಯ ಮುಂದೆ ನಿಂತು ನಲವತ್ತು ವರ್ಷ ಬೈದಳು. ತೂತಾಗದಿದ್ದರೂ ಕುರ್ಚಿಯ ಮುಂದೆ ನೆಲದ ಹಲಗೆ ಸವೆದು ಎರಡು ಗುಳಿ ಬಿದ್ದೇಬಿಟ್ಟವು. ಲಾಕಿಯನ್ನು ಮಣ್ಣು ಮಾಡಿದ ಮರುವಾರ ಮಗ ರೋರಿ ಹೊಸ ಹಲಗೆ ಹೊತ್ತು ತಂದ. "ಅಮ್ಮಾ, ಈ ಗುಳಿ ಮುಚ್ಚಿಬಿಡ್ತೀನಿ. ಎಡವಿ ಬೀಳ್ತೀಯ." "ನಲವತ್ತು ವರ್ಷ ಎಡವದೋಳು ಈಗ ಎಡವ್ತೀನಾ? ನೆಲ ಮುಟ್ಟು, ನೋಡ್ಕೊಳ್ತೀನಿ!" ಎಂದು ಎಫಿ ಒಲೆಯ ಮುಂದಿನಿಂದಲೇ ಸೌಟು ಎತ್ತಿದಳು. ತಲೆ ತಗ್ಗಿಸಿದ ರೋರಿಗೆ ಆಗ ಕಂಡಿತು: ಅಲ್ಲಿ, ಅವಳ ಹಿಮ್ಮಡಿಯ ಕೆಳಗೆ, ಸವೆದು ನುಣುಪಾದ ಇನ್ನೊಂದು ಗುಳಿ.