ಎರಡು ಜಡೆಯ ಪರಿಹಾರ

ಆ ವರ್ಷ ನಮ್ಮ ಶಾಲೆಗೆ ಹೆದರಿಕೆ ಹೊಕ್ಕಿತ್ತು. ಎಲ್ಲೋ ದೂರದ ಶಾಲೆಯಲ್ಲಿ ಹುಡುಗನೊಬ್ಬ ಬಿದ್ದನಂತೆ, ಮನೆಯವರು ಪರಿಹಾರ ಕೇಳಿ ಕೋರ್ಟಿಗೆ ಹೋದರಂತೆ, ಮಾಸ್ತರರು ಅಮಾನತಾದರಂತೆ ಎಂದು ವಾಟ್ಸಾಪಿನಲ್ಲಿ ಸುದ್ದಿ ಬಂದದ್ದೇ ತಡ, ಪಿಂಚಣಿಗೆ ಒಂದೂವರೆ ವರ್ಷ ಬಾಕಿ ಇದ್ದ ನಮ್ಮ ಹೆಡ್‌ಮಾಸ್ತರರಿಗೆ ಹಗ್ಗವೆಲ್ಲ ಹಾವಾಗಿ ಕಾಣತೊಡಗಿತು. ಬೇವಿನ ಮರದ ಜೋಕಾಲಿ ಬಿಚ್ಚಿಸಿದರು. ಖೊಖೊ ಕಂಬಕ್ಕೆ ಗೋಣಿಚೀಲ ಸುತ್ತಿಸಿದರು. ಕ್ರೀಡಾದಿನದ ಚಮಚೆ-ನಿಂಬೆಹಣ್ಣಿನ ಓಟವನ್ನು ಚಮಚೆ-ನಿಂಬೆಹಣ್ಣಿನ ನಡಿಗೆ ಮಾಡಿದರು. ಗೆದ್ದವಳು ಗೆರೆ ಮುಟ್ಟುವ ಹೊತ್ತಿಗೆ ಊಟದ ಗಂಟೆ ಹೊಡೆದಿತ್ತು.

ಅವರನ್ನು ನೋಡಿ ನಗುವ ಹಕ್ಕು ನನಗಿಲ್ಲ. ಮೂಡಲಗಿ ತಾಲೂಕಿನ ಆ ಸರ್ಕಾರಿ ಶಾಲೆಯಲ್ಲಿ ನಾನು ಗಣಿತದ ಶಿಕ್ಷಕಿ. ಸಿಟ್ಟು ಮೂಗಿನ ತುದಿಯಲ್ಲಿ, ಹೆದರಿಕೆ ಅದರ ಬೆನ್ನಿಗೆ. ಸಂಕ್ರಾಂತಿ ಮುಗಿದ ಮೇಲೆ ಏಳನೆಯ ತರಗತಿಯವರನ್ನು ಒಂದು ದಿನ ಗೋಕಾಕ ಫಾಲ್ಸಿಗೆ ಕರೆದುಕೊಂಡು ಹೋಗುವ ಜವಾಬ್ದಾರಿ ನನ್ನ ಕೊರಳಿಗೆ ಬಿತ್ತು. ಫಾಲ್ಸು ನೋಡಬೇಕಾದದ್ದು ಮಳೆಗಾಲದಲ್ಲಿ. ಆದರೆ ಹೆಡ್‌ಮಾಸ್ತರರು ಬೇಕೆಂದೇ ಬೇಸಿಗೆಯ ಹತ್ತಿರಕ್ಕೆ ತಳ್ಳಿದ್ದರು.

"ನೀರ ಇಲ್ಲಂದ್ರ ಯಾರೂ ಮುಳುಗಂಗಿಲ್ಲ ನೋಡ್ರಿ ಅಕ್ಕೋರ," ಎಂದರು.

ಮಕ್ಕಳ ಮನೆಯವರಿಂದ ಒಪ್ಪಿಗೆ ಪತ್ರ ತರಿಸಬೇಕಿತ್ತು. ಅದನ್ನು ಬರೆದುಕೊಡಲು ನನ್ನ ಅಣ್ಣನಿಗೆ ಹೇಳಿದೆ. ಅವನು ಕಣಗಲಾ ಹತ್ತಿರದ ಒಂದು ಸಣ್ಣ ಕಾರ್ಖಾನೆಯಲ್ಲಿ ಸೇಫ್ಟಿ ನೋಡಿಕೊಳ್ಳುವವನು. ಮನೆಯಲ್ಲಿ ಬಲ್ಬ್ ಹಾಕಲು ಸ್ಟೂಲ್ ಹತ್ತಿದರೂ ಇಬ್ಬರು ಹಿಡಿದು ನಿಲ್ಲಬೇಕು ಎನ್ನುವ ಆಸಾಮಿ. ಕಾರ್ಖಾನೆ ನೋಡಲು ಬಂದವರಿಂದ ಗೇಟಿನಲ್ಲಿ ಸಹಿ ಹಾಕಿಸಿಕೊಳ್ಳುವ ಕಾಗದವನ್ನೇ ತಿದ್ದಿ ಕಳಿಸಿದ. ಅದರ ಕೊನೆಯ ಸಾಲು ನನಗೆ ಬಹಳ ಹಿಡಿಸಿತು: 'ಪ್ರವಾಸದಲ್ಲಿ ಏನೇ ಅನಾಹುತವಾದರೂ ಶಾಲೆಯಾಗಲಿ ಶಿಕ್ಷಕರಾಗಲಿ ಜವಾಬ್ದಾರರಲ್ಲ.' ಓದಿದ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ನಲವತ್ತೆರಡು ಮಕ್ಕಳಲ್ಲಿ ನಲವತ್ತೊಂದು ಮನೆಯವರು ಓದದೆ ಸಹಿ ಮಾಡಿ ಕಳಿಸಿದರು. ಉಳಿದ ಒಬ್ಬ ಹುಡುಗಿಯ ತಾಯಿ ಸಹಿ ಮಾಡಲಿಲ್ಲ, ಕಾಗದ ಹಿಡಿದುಕೊಂಡು ಶಾಲೆಗೇ ಬಂದಳು. ಅರಿಶಿನ ಕೀಳುವ ಹಂಗಾಮು. ಕೈಯೆಲ್ಲ ಮೊಣಕೈವರೆಗೆ ಹಳದಿ, ಕಾಗದದ ಅಂಚಿಗೂ ಹಳದಿ ಹತ್ತಿತ್ತು.

"ಅಕ್ಕೋರ, ಹುಡುಗಿ ಓದಿ ಹೇಳಿದ್ಲು. ಇದೊಂದು ಸಾಲು ತಿಳೀಲಿಲ್ರಿ. ನೀವು ಜವಾಬ್ದಾರ ಅಲ್ಲಂದ್ರ ಮತ್ತ ಯಾರ್ರಿ? ಡ್ರೈವರ್ರ ಏನು?"

"ಹಂಗಲ್ಲವ್ವಾ. ಅದು ಸುಮ್ನ ಬರಿಯೋ ಕಾಗದ. ಎಲ್ಲಾರೂ ಸಹಿ ಮಾಡ್ಯಾರ," ಎಂದೆ.

"ಸುಮ್ನ ಇದ್ರ ಯಾಕ ಬರೀಬೇಕ್ರಿ? ನಾ ನಸುಕಿನ್ಯಾಗ ಹೊಲಕ್ಕ ಹೋದಾಕಿ ಸಂಜಿಗೆ ಬರ್ತೇನಿ. ಹುಡುಗಿ ಎಲ್ಲಿ ಅದಾಳ, ಏನ್ ಮಾಡಾಕತ್ತಾಳ ಅಂತ ಒಂದ್ ದಿನಾನೂ ಬಂದು ಕೇಳಿಲ್ಲ. ನಿಮ್ಮ ಉಡ್ಯಾಗ ಹಾಕೇನಿ ಅಂತ ಸುಮ್ನ ಅದೇನಿ. ಈಗ ನೀವು ಉಡಿ ಝಾಡಿಸಿ ನಿಂತ್ರ ಹೆಂಗ್ರಿ?"

ಮಗಳನ್ನು ನಿಮ್ಮ ಉಡಿಗೆ, ಅಂದರೆ ಮಡಿಲಿಗೆ, ಹಾಕಿದ್ದೇವೆ ಎನ್ನುವುದು ನಮ್ಮ ಕಡೆ ಮದುವೆ ಮಾಡಿ ಕಳಿಸುವಾಗ ಅತ್ತೆಗೆ ಹೇಳುವ ಮಾತು. ಗಣಿತದ ಶಿಕ್ಷಕಿಗೆ ಅದನ್ನು ಹೇಳಿದರೆ ಏನು ಉತ್ತರ ಕೊಡಬೇಕು? ನನಗೆ ಸಿಟ್ಟು ಬಂತು. ಹಾಗಾದರೆ ಕಳಿಸಬೇಡ ಎನ್ನಲು ಬಾಯಿ ತೆರೆದೆ. ಬಾಗಿಲ ಸಂದಿಯಲ್ಲಿ ಆ ಹುಡುಗಿ ಎರಡೂ ಜಡೆಯ ತುದಿ ಬಾಯಲ್ಲಿ ಕಚ್ಚಿಕೊಂಡು ನಿಂತಿದ್ದಳು. ಕಣ್ಣು ತುಂಬಿದ್ದವು. ಪೆನ್ನು ತೆಗೆದು ಆ ಸಾಲನ್ನು ಅಡ್ಡಕ್ಕೆ ಹೊಡೆದೆ, ಕಾಗದ ಹರಿಯುವಷ್ಟು ಜೋರಾಗಿ. ತಾಯಿ ಅದರ ಕೆಳಗೆ ನಿಧಾನವಾಗಿ ಹೆಸರು ಬರೆದು ಹೋದಳು. ದೊಡ್ಡ ಮನಸ್ಸಿನಿಂದ ಮಾಡಿದ ಕೆಲಸವಲ್ಲ ಅದು, ಪೀಡೆ ಕಳೆಯಲೆಂದು ಮಾಡಿದ್ದು.

ಪ್ರವಾಸದಲ್ಲಿ ಹೆಡ್‌ಮಾಸ್ತರರದು ಒಂದೇ ಕರಾರು. ಬಸ್ಸು ನಿಂತ ಕಡೆಯಲ್ಲೆಲ್ಲ ನಲವತ್ತೆರಡು ತಲೆ ಕಾಣುವ ಹಾಗೆ ಫೋಟೋ ತೆಗೆದು ಕೂಡಲೇ ಅವರಿಗೆ ಕಳಿಸಬೇಕು. ಅವರು ಆಫೀಸಿನಲ್ಲಿ ಕೂತು ಬೆರಳಿಟ್ಟು ಎಣಿಸುತ್ತಿದ್ದರು. ಚಹಾಕ್ಕೆ ನಿಂತಲ್ಲಿ ಒಂದು, ಗೋಕಾಕ ಪೇಟೆ ದಾಟಿ ನಿಂತಲ್ಲಿ ಒಂದು. ಕರದಂಟು ಕೊಳ್ಳಲು ಸಿಕ್ಕ ಸಮಯಕ್ಕಿಂತ ಫೋಟೋಕ್ಕೆ ನಿಂತ ಸಮಯವೇ ಹೆಚ್ಚಾಯಿತು. ಫಾಲ್ಸು ತಲುಪಿದರೆ ಬರೀ ಬಂಡೆ. ನಡುವೆ ಒಂದು ಎಳೆ ನೀರು. "ಇಷ್ಟs ಏನ್ರಿ ಅಕ್ಕೋರ?" ಎಂದು ಮಕ್ಕಳು ಕೇಳಿದವು.

ಅಲ್ಲಿಯೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ಕಳಿಸಿದೆ. ಮರುಕ್ಷಣ ಫೋನು ಬಂತು.

"ಅಕ್ಕೋರ, ನಲವತ್ತೊಂದs ಅದಾವಲ್ರಿ! ಇನ್ನೊಂದೆಲ್ಲಿ?"

ಸುತ್ತ ನೋಡಿದರೆ ಎರಡು ಜಡೆಯ ಆ ಹುಡುಗಿ ಕಲ್ಲಿನ ಮೆಟ್ಟಿಲುಗಳ ಮೇಲ್ತುದಿಯಲ್ಲಿ ನಿಂತು ಆ ಒಂದೆಳೆ ನೀರನ್ನು ನೋಡುತ್ತಿದ್ದಳು, ಎಷ್ಟೋ ಇದೆ ಎನ್ನುವ ಹಾಗೆ. ಫೋನು ಕಿವಿಗೆ ಹಿಡಿದುಕೊಂಡೇ ಕೂಗಿದೆ: "ಏ, ಅಲ್ಲೇನ್ ಮಾಡಾಕತ್ತಿ? ಓಡಿ ಬಾ ಲಗೂನ! ಫೋಟೋ ಕಳಸೂದೈತಿ!"

ಓಡಿ ಬಂದಳು. ಕೊನೆಯ ನಾಲ್ಕು ಮೆಟ್ಟಿಲನ್ನು ಓಡದೆ ಉರುಳಿ ಬಂದಳು. ಬಲಗೈ ಮುರಿದಿತ್ತು.

ಗೋಕಾಕದ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಸಂಜೆ ಶಾಲೆಗೆ ಬಂದೆವು. ನಲವತ್ತೊಂದು ಕಾಗದಗಳಲ್ಲಿ ನಾನು ಜವಾಬ್ದಾರಳಲ್ಲ, ಜವಾಬ್ದಾರಳಾದ ಒಂದೇ ಒಂದು ಕಾಗದದ ಹುಡುಗಿಯೇ ಬಿದ್ದಿದ್ದಳು. ದಾರಿಯುದ್ದಕ್ಕೂ ನನಗೆ ಅದೇ ಲೆಕ್ಕ, ಹುಡುಗಿಯ ನೋವಿನದಲ್ಲ. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಗೇಟಿನಲ್ಲಿ ತಾಯಿ ನಿಂತಿದ್ದಳು. ಮಗಳ ಮುಖ ಸವರಿದಳು, ಕೈಯ ಬೆರಳು ಆಡಿಸಿ ನೋಡಿದಳು. ಬಾಜೂಕ್ಕೆ ನಿಂತಿದ್ದ ಶಾಲಾ ಸಮಿತಿಯ ಸದಸ್ಯರೊಬ್ಬರು, "ಬಿಡಬ್ಯಾಡವ್ವಾ, ಪರಿಹಾರ ಕೇಳು," ಎಂದು ಪಿಸುಗುಟ್ಟಿದ್ದು ಊರಿಗೆಲ್ಲ ಕೇಳಿಸಿತು.

"ಕೇಳಾಕs ನಿಂತೇನ್ರಿ," ಎಂದಳು ಆಕೆ. ಹೆಡ್‌ಮಾಸ್ತರರು ಗೋಡೆ ಹಿಡಿದುಕೊಂಡರು.

"ಈಕಿಗೆ ಒಂದ ಕೈಲೆ ಹೆರಳ ಹಾಕ್ಕೊಳ್ಳಾಕ ಆಗಂಗಿಲ್ಲ. ನಾ ನಸುಕಿನ್ಯಾಗs ಹೋಗ್ತೇನಿ. ಎರಡ ಹೆರಳ ಇಲ್ಲಂದ್ರ ನಿಮ್ಮ ಸಾಲ್ಯಾಗ ಬೈತೀರಿ. ಕೈ ಕೂಡೂಮಟ ದಿನಾ ನೀವ ಹಾಕ್ರಿ ಅಕ್ಕೋರ."

ಅಷ್ಟೇನಾ ಎಂದು ನಾನು ನಿಟ್ಟುಸಿರು ಬಿಟ್ಟೆ. ಮರುದಿನ ಹೆಡ್‌ಮಾಸ್ತರರು ಮೇಲಿನವರಿಗೆ ಕಳಿಸಲು ವರದಿ ಕೇಳಿದರು. 'ಓಡಬೇಡವೆಂದು ಎಚ್ಚರಿಸಿದರೂ ಕೇಳದೆ ಓಡಿ ಬಿದ್ದಿರುತ್ತಾಳೆ' ಎಂದು ಬರೆದು ಸಹಿ ಮಾಡಿದೆ. ಹೆಡ್‌ಮಾಸ್ತರರು ಅದನ್ನು ಫೈಲಿಗೆ ಸೇರಿಸಿ ಸುಮ್ಮನಾಗಬಹುದಿತ್ತು. ಆದರೆ ಮುಂದಿನ ಪ್ರಾರ್ಥನೆಯ ವೇಳೆ ಹುಡುಗಿಯನ್ನು ಮುಂದೆ ಕರೆದು ನಿಲ್ಲಿಸಿದರು. "ನೋಡ್ರಿ, ಹೇಳಿದ ಮಾತು ಕೇಳದಿದ್ರ ಹಿಂಗಾಗತೈತಿ," ಎಂದು ಇಡೀ ಶಾಲೆಗೆ ಪ್ಲಾಸ್ಟರ್ ತೋರಿಸಿದರು. ನಾನು ಶಿಕ್ಷಕರ ಸಾಲಿನಲ್ಲಿ ನಿಂತು ನನ್ನ ಚಪ್ಪಲಿ ನೋಡುತ್ತಿದ್ದೆ.

ಜಡೆಯ ಕೆಲಸ ಸುಲಭವೆಂದುಕೊಂಡಿದ್ದೆ. ನನಗಿರುವವರು ಇಬ್ಬರು ಗಂಡುಮಕ್ಕಳು, ನನ್ನದು ಕೈಗೆ ಸಿಕ್ಕಂತೆ ಸುತ್ತಿದ ತುರುಬು. ಮೊದಲ ದಿನ ಹಾಕಿದ ಎರಡು ಜಡೆಗಳಲ್ಲಿ ಒಂದು ಕಿವಿಯ ಮೇಲೆ, ಇನ್ನೊಂದು ಕುತ್ತಿಗೆಯಲ್ಲಿ ಹುಟ್ಟಿತ್ತು. ಎರಡನೆಯ ಪೀರಿಯಡ್ಡಿಗೆ ಎರಡೂ ಬಿಚ್ಚಿಹೋದವು.

"ಬಿಗೀ ಹಿಡೀರಿ ಅಕ್ಕೋರ. ನಮ್ಮವ್ವ ಹಾಕಿದ್ರ ಕಣ್ಣs ಮ್ಯಾಲ ಹೋಗ್ತಾವ್ರಿ," ಎಂದು ಅವಳೇ ಕಲಿಸಿದಳು. ಎಣ್ಣೆ ಎಷ್ಟು, ಬೈತಲೆ ಎಲ್ಲಿಂದ, ರಿಬ್ಬನ್ ಯಾವ ಮಡಿಕೆಯಲ್ಲಿ ಸೇರಿಸಬೇಕು ಎಂದು ಬೆನ್ನು ತಿರುಗಿಸಿಕೊಂಡೇ ಪಾಠ ಹೇಳುತ್ತಿದ್ದಳು. ವಾರ ಕಳೆಯುವಷ್ಟರಲ್ಲಿ ನನ್ನ ಜಡೆ ಮಧ್ಯಾಹ್ನದ ಊಟದವರೆಗೆ ತಡೆಯಿತು. ಮೂರನೆಯ ವಾರಕ್ಕೆ ಸಂಜೆಯವರೆಗೂ. ಶಾಲೆಗೆ ಅರ್ಧ ತಾಸು ಮುಂಚೆ ಬರುವುದು ನನಗೆ ರೂಢಿಯಾಯಿತು, ಖರೆ ಹೇಳಬೇಕೆಂದರೆ ಇಷ್ಟವೂ ಆಯಿತು.

ಒಂದು ಶನಿವಾರ ಎರಡನೆಯ ಜಡೆ ಹೆಣೆಯುತ್ತಿದ್ದೆ. ಅವಳು ಏನೋ ಯೋಚಿಸಿ ಕೇಳಿದಳು.

"ಅಕ್ಕೋರ, ಇನ್ನ ಮ್ಯಾಲೆ ನೀವು ಓಡಿ ಬಾ ಅಂತ ಕರದ್ರ, ನಾ ನಡಕೋಂತ ಬರ್ಲ್ಯಾ?"

ಅದರಲ್ಲಿ ಕೊಂಕಿರಲಿಲ್ಲ. ನಿಯಮ ಯಾವುದೆಂದು ತಿಳಿದುಕೊಳ್ಳಬೇಕಿತ್ತು ಅವಳಿಗೆ, ಅಷ್ಟೇ. ಕರೆದವಳು ನಾನು. ಓಡಿದ್ದಕ್ಕೆ ಬೈಸಿಕೊಂಡವಳು ಅವಳು. ಕೈಯಲ್ಲಿದ್ದ ಮೂರು ಎಳೆಗಳಲ್ಲಿ ಯಾವುದು ಯಾವುದರ ಮೇಲೆ ಹೋಗಬೇಕೆಂದು ಮರೆತುಹೋಯಿತು. ಅವಳ ಬೆನ್ನ ಹಿಂದೆ ಕೂತು ಅತ್ತುಬಿಟ್ಟೆ, ಸದ್ದಾಗದ ಹಾಗೆ.

ಭಾನುವಾರ ಅವರ ಮನೆಗೆ ಹೋದೆ. ತಾಯಿ ಅಂಗಳದಲ್ಲಿ ರೊಟ್ಟಿಯ ಜೋಳ ಹಸನು ಮಾಡುತ್ತಿದ್ದಳು. ಅತ್ತ ಇತ್ತ ಸುತ್ತಿ ಬಳಸದೆ ಹೇಳಿದೆ: ಕರೆದವಳು ನಾನೇ, ವರದಿಯಲ್ಲಿ ಸುಳ್ಳು ಬರೆದವಳೂ ನಾನೇ.

ಆಕೆ ಮೊರ ಕೆಳಗಿಟ್ಟಳು.

"ನನಗ ಅವತ್ತs ಗೊತ್ತೈತ್ರಿ ಅಕ್ಕೋರ. ಹುಡುಗಿ ಹೇಳಿದ್ಲು."

"ಮತ್ತ ಯಾಕ ಏನೂ ಅನಲಿಲ್ಲ?"

"ದಿನಾ ಆಕಿ ತಲಿ ನಿಮ್ಮ ಕೈಯಾಗ ಇರತೈತಿ. ಇವತ್ತಿಲ್ಲ ನಾಳೆ ಹೇಳ್ತೀರಿ ಬಿಡು ಅಂತ ಸುಮ್ನಿದ್ದೆ." ಜೋಳದಲ್ಲಿ ಕೈಯಾಡಿಸಿದಳು. "ಆದ್ರ ನನಗ ಹೇಳಿದ್ರ ಏನಾತ್ರಿ? ನಾ ನನ್ನ ಮಗಳ್ನ ನಂಬೇನಿ. ಎಲ್ಲಾರ ಮುಂದ ಆಕಿ ಮಾತ ಕೇಳದಾಕಿ ಆಗ್ಯಾಳ. ಅಲ್ಲಿ ಹೇಳ್ರಿ."

ಸೋಮವಾರ ಬೆಳಿಗ್ಗೆ ಹೊಸ ವರದಿ ಬರೆದು ಹೆಡ್‌ಮಾಸ್ತರರ ಮುಂದಿಟ್ಟೆ. ಎರಡು ಸಲ ಓದಿದರು. ಕನ್ನಡಕ ತೆಗೆದರು. "ಇದನ್ನ ಕಳಿಸಿದ್ರ ನಿಮಗ ನೋಟಿಸ್ ಬರತೈತ್ರಿ ಅಕ್ಕೋರ."

"ಬರ್ಲಿ ಸರ್. ಕಳಸ್ರಿ."

ನೋಟಿಸು ಮುಂದೆ ಬಂತು, ಉತ್ತರವನ್ನೂ ಕೊಟ್ಟೆ. ಅದೇನೂ ದೊಡ್ಡದಾಗಿರಲಿಲ್ಲ. ದೊಡ್ಡದಾಗಿದ್ದದ್ದು ಆ ಸೋಮವಾರದ ಪ್ರಾರ್ಥನೆ. ನಾಡಗೀತೆ ಮುಗಿದ ಮೇಲೆ ಮುಂದೆ ಹೋಗಿ ನಿಂತೆ. ಇಪ್ಪತ್ತು ವರ್ಷ ಅದೇ ಕಟ್ಟೆಯ ಮೇಲೆ ನಿಂತು ಮಾತಾಡಿದವಳು, ಆ ದಿನ ಮೊದಲು ಏಳನೆಯವರ ಸಾಲಿನಲ್ಲಿ ಅವಳನ್ನು ಹುಡುಕಿದೆ.

"ಫಾಲ್ಸಿನ್ಯಾಗ ಆಕಿ ತಾನಾಗಿ ಓಡ್ಲಿಲ್ಲ," ಎಂದೆ. "ಓಡಿ ಬಾ ಅಂತ ನಾ ಕರದೆ. ಆಕಿ ಹೇಳಿದ ಮಾತು ಕೇಳಿದ್ಲು. ಅದಕ್ಕs ಬಿದ್ಲು. ತಪ್ಪು ನಂದು."

ಹೆಡ್‌ಮಾಸ್ತರರು ಆಕಾಶ ನೋಡಿದರು. ಏಳನೆಯ ತರಗತಿಯ ಸಾಲಿನಲ್ಲಿ ಅವಳು ಪ್ಲಾಸ್ಟರ್ ಹಾಕಿದ ಕೈಯಿಂದ ಮುಂದೆ ನಿಂತ ಹುಡುಗಿಯ ಬೆನ್ನಿಗೆ ತಿವಿದು, ಕಟ್ಟೆಯವರೆಗೂ ಕೇಳುವಷ್ಟು ಜೋರಾಗಿ ಹೇಳಿದಳು:

"ಅಕ್ಕೋರು ಹೇಳ್ತಾರಂತ ನಾ ಹೇಳಿದ್ದಿಲ್ಲೇನ?"