ಮೂರು ಕಾಲಿನ ಬೆಕ್ಕು, ಎಡ ಹೆಗಲು

ಹಾನಗಲ್ಲಿನ ಉಳಿವೆಪ್ಪನವರು ಮೂವತ್ತೆರಡು ವರ್ಷ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವರು. ನಿವೃತ್ತರಾದವರು ಹೊಲಕ್ಕೆ ಹೋಗುತ್ತಾರೆ, ಇಲ್ಲವೇ ಕಟ್ಟೆಗೆ ಹೋಗುತ್ತಾರೆ. ಇವರು ಬೆಕ್ಕಿನ ಬೆನ್ನು ಬಿದ್ದರು. ಜೀವಂತ ಬೆಕ್ಕಲ್ಲ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಹೋದ ಒಂದು ಪಡೆಯ ಸಿಪಾಯಿಗಳು ಅಂಗಿಯ ಎರಡೂ ಹೆಗಲಿಗೆ ಹೊಲಿಸಿಕೊಳ್ಳುತ್ತಿದ್ದ ಬಟ್ಟೆಯ ಬಿಲ್ಲೆ: ಹಳದಿ ಚೌಕದ ಮೇಲೆ ಕರಿ ಬೆಕ್ಕು. ಊರೂರಿನ ದರ್ಜಿಗಳು ಹೊಲಿದದ್ದರಿಂದ ಒಂದರಂತೆ ಒಂದಿಲ್ಲ. ಬಾಲ ಎತ್ತಿದ್ದು, ಬಾಲ ಇಳಿಸಿದ್ದು, ಮೀಸೆ ಮರೆತದ್ದು, ನೋಡಿದರೆ ಕರುವಿನಂತೆ ಕಾಣುವುದು, ಹೀಗೆ ಇಪ್ಪತ್ಮೂರು ಬೆಕ್ಕು ಅವರ ಗಾಜಿನ ಪೆಟ್ಟಿಗೆಯಲ್ಲಿದ್ದವು.

“ಖರೇ ಬೆಕ್ಕು ಸಾಕಿದ್ರ ಇಲಿನರ ಹಿಡೀತಿತ್ತು” ಎಂದು ಅವರ ಹೆಂಡತಿ ಜಯಕ್ಕ ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದರು. ನಾನು ಪಕ್ಕದ ಮನೆಯ ಫಕ್ಕೀರೇಶ. ನನ್ನ ಹತ್ತಿರ ಬೈಕ್ ಇದೆ. ಅದೊಂದೇ ತಪ್ಪಿಗೆ ನಾನೂ ಈ ಬೆಕ್ಕುಗಳ ಪಂಡಿತನಾದೆ.

ಇಪ್ಪತ್ಮೂರರಲ್ಲಿ ಒಂದಕ್ಕೆ ಮೂರೇ ಕಾಲು. ಅದು ಸಿಕ್ಕದ್ದು ಸವಣೂರಿನ ಹಜರತಅಲಿಯ ಮನೆಯಲ್ಲಿ. ಅವನ ಅಜ್ಜ ಹಳ್ಳಿ ಹಳ್ಳಿ ತಿರುಗಿ ಹಳೇ ಅರಿವೆ ತೆಗೆದುಕೊಂಡು ಪಾತ್ರೆ ಕೊಡುತ್ತಿದ್ದವ. ಆ ಅಜ್ಜನ ಟ್ರಂಕಿನ ತಳದಲ್ಲಿ ಈ ಬೆಕ್ಕು ಉಳಿದಿತ್ತು. ಎಡ ಹೆಗಲಿನದು, ಎಡಕ್ಕೆ ಮುಖ. ಹಾಗಾದರೆ ಬಲಕ್ಕೆ ಮುಖ ಮಾಡಿದ ಮೂರು ಕಾಲಿನದೊಂದು ಎಲ್ಲೋ ಇರಲೇಬೇಕು. “ಜೋಡಿ ಮುರೀಬಾರ್ದು, ಫಕ್ಕೀರೇಶ” ಎನ್ನುವಾಗ ಉಳಿವೆಪ್ಪನವರ ಕಣ್ಣು ತುಂಬುತ್ತಿತ್ತು. ನಾಲ್ಕು ವರ್ಷ ಇದೇ ಮಾತು. ನಾನಂತೂ ನಗುತ್ತಿದ್ದೆ.

ಹೋದ ಚಳಿಗಾಲದಲ್ಲಿ ಹುಬ್ಬಳ್ಳಿ ಬಸ್ಸಿನ ಕಿಟಕಿಯಿಂದ ಅವರಿಗೆ ಅದು ಕಂಡಿತು. ತಡಸದಲ್ಲಿ ಗೋಡೆಯ ಮೇಲೆ ಒಣಗಲು ಹಾಕಿದ್ದ, ಹಳೇ ಬಟ್ಟೆ ತುಂಡು ಕೂಡಿಸಿ ಹೊಲಿದ ಕೌದಿಯ ನಡುವೆ ಮೂರು ಕಾಲಿನ ಬೆಕ್ಕು, ಬಲಕ್ಕೆ ಮುಖ. ಬಸ್ಸು ನಿಲ್ಲಿಸಿ ಇಳಿದೇಬಿಟ್ಟರು. ಕೌದಿಯ ಒಡತಿ ತಿಪ್ಪವ್ವ, ಎಂಬತ್ತು ದಾಟಿದವಳು. ಬೆಕ್ಕು ಅವಳ ಅಪ್ಪನ ಅಂಗಿಯದು. ಯುದ್ಧದಿಂದ ಬಂದ ಅಂಗಿಯನ್ನು ಅವ್ವ ಕೌದಿಗೆ ಹಾಕಿದ್ದಳು.

“ಬಿಚ್ಚಿ ಕೊಡ್ರಿ ಯವ್ವಾ, ಏನ್ ಕೇಳಿದ್ರೂ ಕೊಡ್ತೇನಿ.”

“ನಮ್ಮವ್ವ ಕಡೀ ಹೊಲಿಗಿ ಹಾಕೂ ಮುಂದ ಒಳಗ ಹೋಳಿಗಿ ಚೂರಿಟ್ಟು ಇದರ ಹೊಟ್ಟಿ ತುಂಬಿಸ್ಯಾಳ. ಉಂಡ ಕೌದಿ ಕೊಯ್ಯೂದಿಲ್ಲ, ತಮ್ಮಾ.”

ಉಳಿವೆಪ್ಪನವರು ಸೋಲುವ ಗಿರಾಕಿಯಲ್ಲ. ಬದಲಿಗೆ ಕೊಡಲು ಶಿಗ್ಗಾಂವಿಯ ದರ್ಜಿ ಮಹಮ್ಮದಗೌಸನಿಂದ ಅಂಥದ್ದೇ ಬೆಕ್ಕು ಹೊಲಿಸಿದರು. ಅವನು ನಾಲ್ಕು ಕಾಲು ಹೊಲಿದಿಟ್ಟಿದ್ದ. “ಮೂರು ಕಾಲು ಹೊಲದ್ರ ನಮ್ಮ ಅಂಗಡಿ ಮರ್ಯಾದಿ ಏನಾಗಬೇಕ್ರಿ” ಎಂದು ಜಗಳಕ್ಕೆ ನಿಂತ. ಅರ್ಧ ದಿನ ವಾದ ಮಾಡಿ ಒಂದು ಕಾಲು ಬಿಚ್ಚಿಸಿದೆವು.

ಮತ್ತೆ ತಡಸ, ಈ ಸಲ ನನ್ನ ಬೈಕಿನ ಮೇಲೆ. ತಿಪ್ಪವ್ವ ಹೊಸ ಬೆಕ್ಕನ್ನು ತಿರುಗಿಸಿ ನೋಡಿದಳು. “ಥೇಟ್ ಅದರಂಗ ಐತೇನು?”

“ಒಂದು ಎಳಿ ಫರಕಿಲ್ಲರಿ.”

“ಹಂಗಾದ್ರ ಇದನ್ನ ನೀವ ಇಟ್ಗೋರಿ.”

ಉಳಿವೆಪ್ಪನವರು ಕಡೆಯ ಉಪಾಯವೆಂದು ಜೇಬಿನಿಂದ ಡಬ್ಬಿ ತೆಗೆದು ತಮ್ಮ ಎಡ ಹೆಗಲಿನ ಬೆಕ್ಕನ್ನೇ ತೋರಿಸಿದರು. “ಇದರ ಜೋಡಿರಿ ಅದು. ಜೋಡಿ ಮುರೀಬಾರ್ದು.”

ಮುದುಕಿ ಅದನ್ನು ಮುಟ್ಟಿ ನೋಡಿದಳು. ಆಮೇಲೆ ಒಳಗೆ ಹೋಗಿ ಒಂದು ಹಿತ್ತಾಳೆ ತಂಬಿಗೆ ತಂದು ಮುಂದೆ ಇಟ್ಟಳು.

“ಅಪ್ಪ ಊರಾಗಿಲ್ಲದಾಗ ಅವ್ವ ಹಳೇ ಅರಿವಿ ಜೋಡಿ ಅಂಗಿ ಎಡಗಡೆ ತೋಳೂ ಪಾತ್ರಿಯವಗ ಕೊಟ್ಟು ಈ ತಂಬಿಗಿ ತಗೊಂಡ್ಳು. ಅಪ್ಪ ಸಾಯೋತನಕ ಇದರಾಗ ನೀರು ಕುಡೀಲಿಲ್ಲ. ಅವ್ವ ದಿನಾ ಬೆಳಗತಿದ್ಳು, ದಿನಾ ತುಂಬಿಸಿ ಇಡತಿದ್ಳು.”

ನನಗೆ ನಗು ಬರಲಿಲ್ಲ. ಉಳಿವೆಪ್ಪನವರು ಡಬ್ಬಿಯ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಕಡೆಗೆ ಸೂಜಿ ದಾರ ಕೇಳಿದರು.

ದನಗಳ ಹೊಟ್ಟೆಗೆ ಹೊಲಿಗೆ ಹಾಕಿದ ಕೈ ಅದು. ಕನ್ನಡಕ ಏರಿಸಿ ಕೌದಿಯ ಮುಂದೆ ಕುಳಿತರು. ಕೂತ ಮೇಲೂ ಚಟ ಬಿಡಲಿಲ್ಲ. “ಮಿಲ್ಟ್ರಿ ನಿಯಮದ ಪ್ರಕಾರ ಬೆನ್ನಿಗೆ ಬೆನ್ನು ಬರಬೇಕ್ರಿ” ಎಂದರು.

“ಇಷ್ಟು ವರ್ಷದ ಮ್ಯಾಲೆ ಭೆಟ್ಟಿ ಆಗ್ಯಾವು. ಬೆನ್ನು ಮಾಡಿ ಕುಂಡ್ರಸ್ತೀರೇನು?”

ತಮ್ಮ ಬೆಕ್ಕನ್ನು ಅದಕ್ಕೆ ಮುಖಾಮುಖಿಯಾಗಿಯೇ ಹೊಲಿದರು. ತಿಪ್ಪವ್ವ ತಂಬಿಗೆ ತುಂಬಿಸಿ ಕೊಟ್ಟಳು. ಉಳಿವೆಪ್ಪನವರು ಉಸಿರು ಬಿಡದೆ ಅಷ್ಟೂ ನೀರು ಕುಡಿದರು. “ಇನ್ನ ತಂಬಿಗಿ ನೀವ ಒಯ್ರಿ” ಎಂದಳು.

ಈಗ ಗಾಜಿನ ಪೆಟ್ಟಿಗೆಯಲ್ಲಿ ಇಪ್ಪತ್ತೆರಡು ಬೆಕ್ಕು ಮತ್ತು ಒಂದು ತಂಬಿಗೆ. ಮುಚ್ಚಳ ಮುಚ್ಚುವುದಿಲ್ಲ. ತಂಬಿಗೆಯ ಚೀಟಿಯ ಮೇಲೆ ಅವರದೇ ಅಕ್ಷರ: ಮೂರು ಕಾಲಿನ ಬೆಕ್ಕು, ಎಡ ಹೆಗಲು. ನೋಡಲು ಬಂದವರು ಬೆಕ್ಕು ಎಲ್ಲಿ ಎಂದರೆ ಉಳಿವೆಪ್ಪನವರು ತಡಸದ ಕಡೆ ಕೈ ತೋರಿಸುತ್ತಾರೆ.

“ಮನೀಗೆ ಹೋಗೇತ್ರಿ” ಎನ್ನುತ್ತಾರೆ.