ನಿಶ್ಚಯವಾದ ಮೇಲೆ ಹೇಳಿದ ಮಾತು

ನಾಲ್ಕು ವರ್ಷದ ಹಿಂದೆ, ದೀಪಾವಳಿ ಮುಗಿದ ಮೇಲೆ ನನ್ನ ಮದುವೆ ನಿಶ್ಚಯವಾಯಿತು. ನಾನು ಹನುಮಸಾಗರದವಳು, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದೆ. ಹುಡುಗ ಶ್ರೀರಾಮನಗರದ ಈರಣ್ಣ, ಟ್ರ್ಯಾಕ್ಟರ್ ರಿಪೇರಿ ಮಾಡುವವರು. ದಿನಾ ಸಂಜೆ ಫೋನ್ ಮಾಡುತ್ತಿದ್ದರು. ಗ್ಯಾರೇಜಿನ ಸುದ್ದಿ, ಊಟದ ಸುದ್ದಿ, ಅಷ್ಟೇ. ಆದರೂ ಸಂಜೆಯಾದರೆ ನನ್ನ ಕಣ್ಣು ಫೋನಿನ ಮೇಲೆಯೇ.

ನನಗೆ ಚಿಕ್ಕಂದಿನಿಂದ ಫಿಟ್ಸ್ ಇದೆ. ಗುಳಿಗೆ ತೆಗೆದುಕೊಂಡರೆ ವರ್ಷಕ್ಕೊಮ್ಮೆ ಬಂದರೆ ಬಂತು. ಈರಣ್ಣ ಮತ್ತು ಅವರ ಮನೆಯವರಿಗೆ ಇದು ಗೊತ್ತಿರಲಿಲ್ಲ. "ಮದುವ್ಯಾಗ ಅಕ್ಕಿಕಾಳು ಬೀಳೂತನಕ ಬಾಯಿ ಬಿಡಬ್ಯಾಡ" ಎಂದು ಅವ್ವ ಆಣೆ ಮಾಡಿಸಿಕೊಂಡಿದ್ದಳು.

ಫೋನಿನಲ್ಲಿ ಹೇಳಲು ಹೋದರೆ ಬಾಯಿಯೇ ಬರುತ್ತಿರಲಿಲ್ಲ. ಒಂದು ಸೋಮವಾರ ಲೈನಿಂಗ್ ಬಟ್ಟೆ ತರುತ್ತೇನೆಂದು ಕುಷ್ಟಗಿಗೆ ಹೋದವಳು ಅಲ್ಲಿಂದ ಗಂಗಾವತಿ ಬಸ್ ಹತ್ತಿ, ಮುಂದೆ ಶ್ರೀರಾಮನಗರಕ್ಕೆ ಹೋದೆ. ಮದುವೆಗೆ ಮೊದಲು ಹುಡುಗಿ ಒಬ್ಬಳೇ ಹುಡುಗನ ಮನೆಗೆ ಹೋಗುವ ಪದ್ಧತಿ ನಮ್ಮ ಕಡೆ ಇಲ್ಲ.

ಬಾಗಿಲು ತೆರೆದದ್ದು ಅವರ ತಾಯಿ. "ನಿನ್ನ ಜೋಡಿ ಯಾರ್ ಬಂದಾರವಾ?" ಎಂದು ನನ್ನ ಹಿಂದೆ ನೋಡಿದರು.

"ಯಾರೂ ಇಲ್ರಿ ಅತ್ತಿ. ಅವರ ಜೋಡಿ ಮಾತಾಡೂದೈತಿ. ನೀವೂ ಕೇಳ್ರಿ."

ಈರಣ್ಣ ಊಟಕ್ಕೆ ಕುಳಿತಿದ್ದವರು ಎಂಜಲುಗೈಯಲ್ಲೇ ಎದ್ದು ಬಂದರು. ನಾನು ಹೊಸ್ತಿಲ ಹತ್ತಿರ ನಿಂತೇ ಹೇಳಿದೆ. "ನನಗ ಫಿಟ್ಸ್ ಬರ್ತಾವ್ರಿ. ಮುಚ್ಚಿಟ್ಟು ಈ ಮನಿಗೆ ಬರಾಕ ಮನಸ್ಸಿಲ್ಲ. ನೀವಂದ್ರ ನನಗ ಭಾಳ ಇಷ್ಟ, ಅದಕ್ಕ ಬಂದೀನಿ. ಬ್ಯಾಡಂದ್ರ ಈಗ ಅಂದುಬಿಡ್ರಿ."

ಅತ್ತೆಯ ಮುಖ ಕಪ್ಪಿಟ್ಟಿತು. ಒಳಗೆ ಹೋದರು. ಈರಣ್ಣ ಅಲ್ಲೇ ನಿಂತು, "ಬಂದಾಗ ನಾ ಏನ್ ಮಾಡಬೇಕು?" ಎಂದರು.

ಆ ಪ್ರಶ್ನೆಗೆ ನಾನು ತಯಾರಾಗಿ ಬಂದಿರಲಿಲ್ಲ. "ಒಂದ್ ಮಗ್ಗಲಾ ಮಲಗಿಸ್ರಿ. ಬಾಯಾಗ ಏನೂ ಇಡಬ್ಯಾಡ್ರಿ. ಕೈಯಾಗ ಕಬ್ಬಿಣಾನೂ ಕೊಡಬ್ಯಾಡ್ರಿ" ಎಂದೆ.

"ಆತು. ಒಳಗ ಬಾ, ಊಟಾ ಮಾಡು."

ಅತ್ತೆ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಮದುವೆ ಮುಂದೆ ಹೋಯಿತು. ಅವ್ವ ನನ್ನ ಜೊತೆ ಮಾತು ಬಿಟ್ಟಳು. ಈರಣ್ಣ ತಮ್ಮ ತಾಯಿಯನ್ನೂ ನನ್ನನ್ನೂ ಕೊಪ್ಪಳದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಎಲ್ಲ ಕೇಳಿಸಿಕೊಂಡ ಮೇಲೂ ಅತ್ತೆ ಅಂದದ್ದು "ನೋಡೂನು" ಎಂದಷ್ಟೇ. ಕೊನೆಗೆ ಬೇಸಿಗೆಯಲ್ಲಿ ಮದುವೆಯಾಯಿತು. ಈಗ ನಮಗೊಬ್ಬಳು ಮಗಳಿದ್ದಾಳೆ, ಅವ್ವನೂ ಬಂದು ಹೋಗಿ ಮಾಡುತ್ತಾಳೆ.

ಅವ್ವನಿಗೆ ಮಾಡಿದ ಆಣೆ ಮುರಿದದ್ದಕ್ಕೆ ಒಮ್ಮೊಮ್ಮೆ ಕಸಿವಿಸಿಯಾಗುತ್ತದೆ. ಆದರೆ ಚಿಕ್ಕಂದಿನಿಂದ ಜನ ನನ್ನನ್ನು ಕೇಳಿದ್ದು, ಇದು ನಿನಗೆ ಹೇಗೆ ಬಂತು ಎಂದೇ. ತಾನು ಏನು ಮಾಡಬೇಕು ಎಂದು ಕೇಳಿದವರು ಇವರೊಬ್ಬರೇ.